ಸಬ್‌ವೂಫರ್ ಬಾಕ್ಸಿಗೆ ಹತ್ತಿ ತುಂಬುವ ಮುಂಚೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಕಾರುಗಳಿಗೆ ಸ್ಪೀಕರ್ ಕೂರಿಸುವುದು ನನ್ನ ಕಸುಬು. ಅಂಗಡಿಗೆ ಬರುವ ಹುಡುಗರು ಡಿಕ್ಕಿ ತೆಗೆಯುತ್ತಿದ್ದ ಹಾಗೇ ಕೇಳುತ್ತಾರೆ: "ಅಣ್ಣ, ಬಾಕ್ಸಿನೊಳಗೆ ಹತ್ತಿ ತುಂಬಿದ್ರೆ ಬೇಸ್ ಜಾಸ್ತಿ ಬರುತ್ತಂತೆ, ಹೌದಾ?" ಬಾಕ್ಸ್ ಚಿಕ್ಕದಾಗಿದ್ದು, ಪೂರ್ತಿ ಮುಚ್ಚಿದ್ದಾಗಿದ್ದರೆ ಹೌದು, ಪ್ರಯೋಜನ ಉಂಟು. ಆದರೆ ಸದ್ದು ಜೋರಾಗುವುದಿಲ್ಲ, ಬೇಸ್ ಇನ್ನಷ್ಟು ಕೆಳಗಿಳಿಯುತ್ತದೆ. ಇವೆರಡೂ ಬೇರೆ ಬೇರೆ ಎಂಬುದನ್ನು ತಿಳಿಸಿ ಹೇಳದೆ ನಾನು ಕೆಲಸಕ್ಕೆ ಕೈ ಹಾಕುವುದಿಲ್ಲ.

ಸ್ಪೀಕರಿನ ಕೋನ್ ಹಿಂದಕ್ಕೆ ಸರಿದಾಗ ಬಾಕ್ಸಿನೊಳಗಿನ ಗಾಳಿ ಒತ್ತಲ್ಪಟ್ಟು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವ ಹಾಗೆ. ಬಿಸಿಯಾದ ಗಾಳಿ ಕೋನನ್ನು ಇನ್ನೂ ಬಲವಾಗಿ ಹೊರಗೆ ತಳ್ಳುತ್ತದೆ. ಚಿಕ್ಕ ಬಾಕ್ಸಿನಲ್ಲಿ ಬೇಸ್ ಬಿಗಿದುಕೊಂಡು ಒಂದೇ ಕಡೆ "ಢಂ" ಎನ್ನುವುದಕ್ಕೆ ಇದೇ ಕಾರಣ. ಒಳಗೆ ಸಣ್ಣ ಎಳೆಗಳಿದ್ದರೆ ಆ ಬಿಸಿಯನ್ನು ಅವು ಹೀರಿಕೊಂಡು, ಗಾಳಿ ಹಿಗ್ಗುವಾಗ ವಾಪಸ್ ಕೊಡುತ್ತವೆ. ಗಾಳಿ ಮೆದುವಾಗುತ್ತದೆ, ಬಾಕ್ಸ್ ಇದ್ದುದಕ್ಕಿಂತ ದೊಡ್ಡದು ಎಂಬಂತೆ ಕೋನ್ ಆಡುತ್ತದೆ. ಲೆಕ್ಕದ ಪ್ರಕಾರ ಈ ಹೆಚ್ಚಳದ ಮಿತಿ ಶೇ. 40. ಕೈಗೆ ಸಿಗುವುದು ಸುಮಾರು ಶೇ. 10ರಿಂದ 25. ಅಂದರೆ 25 ಲೀಟರಿನ ಬಾಕ್ಸ್ 30 ಲೀಟರಿನದರಂತೆ ನುಡಿದರೆ ಅದೇ ದೊಡ್ಡ ಲಾಭ.

ಇದರ ಹಿಂದೆ ಒಂದು ಚೆಂದದ ಇತಿಹಾಸವಿದೆ. ಗಾಳಿಯಲ್ಲಿ ಶಬ್ದದ ವೇಗವನ್ನು ನ್ಯೂಟನ್ ಲೆಕ್ಕ ಹಾಕಿದಾಗ ಉತ್ತರ ಸುಮಾರು ಶೇ. 15ರಷ್ಟು ಕಡಿಮೆ ಬಂದಿತ್ತು. ಗಾಳಿ ಒತ್ತಲ್ಪಟ್ಟಾಗ ಬಿಸಿಯಾಗುವುದನ್ನು ಆತ ಹಿಡಿದಿರಲಿಲ್ಲ. ಅದನ್ನು 1816ರಲ್ಲಿ ತಿದ್ದಿದವನು ಲಾಪ್ಲಾಸ್. ಎಳೆ ತುಂಬಿದ ಬಾಕ್ಸಿನೊಳಗೆ ಗಾಳಿಯ ನಡತೆ ನ್ಯೂಟನ್ನನ ಲೆಕ್ಕದ ಹತ್ತಿರಕ್ಕೆ ಬರುತ್ತದೆ. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್, ಪೂರ್ತಿ ಮುಚ್ಚಿದ ಚಿಕ್ಕ ಬಾಕ್ಸಿಗೆ ಗಾಜಿನ ನಾರು ತುಂಬಿ, ಎಆರ್-1 ಎಂಬ ಸ್ಪೀಕರಿನಲ್ಲಿ ಆಳವಾದ ಬೇಸ್ ಬರಿಸಿ ತೋರಿಸಿದ.

ಹತ್ತಿ ಒಳಗಿನ ಪ್ರತಿಧ್ವನಿ ಹೀರುತ್ತದೆ ಎಂದು ಹೇಳುವವರೂ ಇದ್ದಾರೆ. ಮಾಮೂಲಿ ಸ್ಪೀಕರಿಗೆ ಅದು ಸರಿ. ಸಬ್‌ವೂಫರಿಗೆ ಆ ಮಾತು ಅಷ್ಟಾಗಿ ಹೊಂದುವುದಿಲ್ಲ. 50 ಹರ್ಟ್ಸ್ ಅಲೆಯ ಉದ್ದ ಸುಮಾರು 7 ಮೀಟರ್, ನಮ್ಮ ಬಾಕ್ಸ್ ಒಂದೂವರೆ ಅಡಿ.

ಏನು ತುಂಬಬೇಕು? ಹಾಸಿಗೆ ಅಂಗಡಿಯಲ್ಲಿ ಸಿಗುವ ದಿಂಬಿನ ಪಾಲಿಯೆಸ್ಟರ್ ಫೈಬರ್ ಸಾಕು. ನಿಜವಾದ ಹತ್ತಿ, ಬೂರುಗದ ಹತ್ತಿ ಬೇಡ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಅದು ತೇವ ಹಿಡಿದು, ಗಂಟುಕಟ್ಟಿ ತಳಕ್ಕೆ ಕೂರುತ್ತದೆ, ಬೂಷ್ಟು ಬರುತ್ತದೆ. ಗ್ಲಾಸ್ ವೂಲ್ ಕೆಲಸ ಮಾಡುತ್ತದೆ ನಿಜ. ಆದರೆ ಕಾರ್ಖಾನೆಯಲ್ಲಿ ಬಿಸಿ ಪೈಪಿಗೆ ಅದನ್ನು ಸುತ್ತಿದವರನ್ನು ಕೇಳಿ, ಮೈಯೆಲ್ಲ ತುರಿಕೆ. ಅದರ ಎಳೆ ಸ್ಪೀಕರಿನೊಳಗೆ ಹೋದರೂ ಕಷ್ಟ.

ಲೀಟರಿಗೆ 10ರಿಂದ 15 ಗ್ರಾಂ ಸಾಕು, 25 ಲೀಟರಿಗೆ ಕಾಲು ಕೆಜಿಯಿಂದ ಶುರು ಮಾಡಿ. ಫೈಬರನ್ನು ಉಂಡೆಯಾಗಿ ತುರುಕಬಾರದು. ಬೆರಳಲ್ಲಿ ಬಿಡಿಸಿ, ಒಂದೊಂದು ಹಿಡಿಯನ್ನೂ ಉಬ್ಬಿಸಿ, ಮೂಲೆಗಳಿಂದ ತುಂಬುತ್ತ ಬನ್ನಿ. ಒತ್ತಿ ತುರುಕಿದರೆ ಅದೇ ಜಾಗ ತಿಂದು, ಬಾಕ್ಸ್ ಇನ್ನಷ್ಟು ಚಿಕ್ಕದಾಗುತ್ತದೆ. ಮ್ಯಾಗ್ನೆಟ್ಟಿನ ಹಿಂದೆ ಗಾಳಿಯಾಡುವ ತೂತಿದ್ದರೆ ಅದರ ಮುಂದೆ ಸೊಳ್ಳೆಪರದೆ ಬಟ್ಟೆ ಅಡ್ಡ ಕಟ್ಟಿ. ಪೋರ್ಟ್ ಇರುವ ಬಾಕ್ಸಾದರೆ ಮಾತ್ರ ತುಂಬಲೇಬೇಡಿ. ಅಲ್ಲಿ ಬೇಸ್ ಬರುವುದೇ ಆ ಕೊಳವೆಯ ಗಾಳಿಯ ಓಡಾಟದಿಂದ, ಅದಕ್ಕೆ ಅಡ್ಡಿಯಾದರೆ ದನಿ ಸತ್ತುಹೋಗುತ್ತದೆ. ಗೋಡೆಗೆ ತೆಳುವಾಗಿ ಅಂಟಿಸಿದರೆ ಅಡ್ಡಿಯಿಲ್ಲ.

ಎಲ್ಲಕ್ಕಿಂತ ಮೊದಲು ಬಾಕ್ಸ್ ಸೋರುತ್ತದೆಯೇ ನೋಡಿ. ಸೆಟ್ ಆಫ್ ಮಾಡಿ, ಕೋನನ್ನು ಬೆರಳುಗಳಿಂದ ಸಮನಾಗಿ ಮೆಲ್ಲಗೆ ಒತ್ತಿ ಬಿಡಿ. ನಿಧಾನಕ್ಕೆ ವಾಪಸ್ ಬಂದರೆ ಬಾಕ್ಸ್ ಗಟ್ಟಿ, ಥಟ್ಟನೆ ಬಂದರೆ ಸಂದಿಗಳಿಗೆ ಸಿಲಿಕಾನ್ ಹಾಕಿಸಿ. ಸೋರುವ ಬಾಕ್ಸಿಗೆ ಎಷ್ಟು ತುಂಬಿದರೂ ದಂಡ. ಕೊನೆಯ ಸ್ಕ್ರೂ ಬಿಗಿಯುವ ಮುನ್ನ ಒಂದೇ ಹಾಡನ್ನು ಅದೇ ವಾಲ್ಯೂಮಿನಲ್ಲಿ ಫೈಬರ್ ಇಟ್ಟೂ ತೆಗೆದೂ ಕೇಳಿ. ವ್ಯತ್ಯಾಸ ಹಿಡಿಸದಿದ್ದರೆ ಫೈಬರ್ ತೆಗೆದು ದಿಂಬಿಗೇ ತುಂಬಿಸಿಕೊಳ್ಳಿ, ಹೆಚ್ಚು ಪವರಿನ ಆಂಪ್ಲಿಫೈಯರಿಗೆ ದುಡ್ಡು ಸುರಿಯುವ ಮುಂಚೆ ಸರಿಯಾದ ಅಳತೆಯ ಬಾಕ್ಸ್ ಮಾಡಿಸಿ.