ಕಳೆದ ವರ್ಷದ ಗೋಲು, ಮುಂದಿನ ವರ್ಷದ ಆಟ

ಆಗಸ್ಟ್ ಹತ್ತಿರ ಬಂದಂತೆಲ್ಲ ಇಂಗ್ಲಿಷ್ ಪ್ರೀಮಿಯರ್ ಲೀಗ್ ನೋಡುವವರ ನಡುವೆ ಒಂದೇ ಚರ್ಚೆ. ಈ ಸಲ ಯಾರು ಮೇಲೆ ಬರುತ್ತಾರೆ, ಯಾರು ಮಂಕಾಗುತ್ತಾರೆ? ಲೀಗ್‌ನ ಅಧಿಕೃತ ಫ್ಯಾಂಟಸಿ ಆಟದಲ್ಲಿ ಜಗತ್ತಿನಾದ್ಯಂತ ಒಂದು ಕೋಟಿಗೂ ಹೆಚ್ಚು ಮಂದಿ 10 ಕೋಟಿ ಪೌಂಡಿನ ಕಾಲ್ಪನಿಕ ಬಜೆಟ್ಟಿನಲ್ಲಿ 15 ಆಟಗಾರರ ತಂಡ ಕಟ್ಟುತ್ತಾರೆ. ಬೆಂಗಳೂರಿನ ಆಫೀಸು, ಹಾಸ್ಟೆಲುಗಳಲ್ಲೂ ಇದನ್ನು ಆಡುವವರಿದ್ದಾರೆ. ಕ್ಲಬ್ಬುಗಳಿಗಾದರೆ ಇದು ನಿಜವಾದ ದುಡ್ಡಿನ ಪ್ರಶ್ನೆ, ಆಟಗಾರನಿಗೆ ಬದುಕಿನ ಪ್ರಶ್ನೆ.

ಉತ್ತರಕ್ಕಾಗಿ ಬಹುತೇಕರು ಮೊದಲು ತೆರೆಯುವುದು ಕಳೆದ ಸೀಸನ್ನಿನ ಗೋಲುಗಳ ಪಟ್ಟಿ. ನನ್ನನ್ನು ಕೇಳಿದರೆ, ಕೊನೆಗೆ ನೋಡಬೇಕಾದದ್ದು ಅದು. ಆಟಗಾರನಿಗೆ ಮೈದಾನದಲ್ಲಿ ಎಷ್ಟು ನಿಮಿಷ ಸಿಕ್ಕಿತು, ಕೋಚ್ ಅವನನ್ನು ಎಲ್ಲಿ ನಿಲ್ಲಿಸಿದರು, ಎಷ್ಟು ಒಳ್ಳೆಯ ಅವಕಾಶಗಳು ಅವನ ಕಾಲಿಗೆ ಬಂದವು ಎಂಬುದನ್ನು ಮೊದಲು ನೋಡಬೇಕು. ಗೋಲುಗಳು ಒಂದು ವರ್ಷ ಸುರಿದು ಮರುವರ್ಷ ನಿಂತುಬಿಡಬಹುದು. ನಿಮಿಷ, ಜಾಗ, ಅವಕಾಶ ಇವು ಅಷ್ಟು ಬೇಗ ಏರಿಳಿಯುವುದಿಲ್ಲ.

‘ಕಳೆದ ಸಲ ಇಷ್ಟು ಹೊಡೆದವನು ಈ ಸಲ ಇನ್ನೂ ಹೊಡೆಯುತ್ತಾನೆ’

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಇದು. 2012ರ ಬೇಸಿಗೆಯಲ್ಲಿ ವೇಲ್ಸ್‌ನ ಸ್ವಾನ್ಸಿ ಸಿಟಿ ಕ್ಲಬ್ ಸ್ಪೇನಿನ ರಾಯೋ ವಯೆಕಾನೋದಿಂದ ಮೀಚು ಎಂಬ ಆಟಗಾರನನ್ನು ಸುಮಾರು 20 ಲಕ್ಷ ಪೌಂಡಿಗೆ ತಂದಿತು. ಪ್ರೀಮಿಯರ್ ಲೀಗ್‌ನ ಲೆಕ್ಕದಲ್ಲಿ ಅದು ಪುಡಿಗಾಸು. ಮೊದಲ ಪಂದ್ಯದಲ್ಲೇ ಕ್ವೀನ್ಸ್ ಪಾರ್ಕ್ ರೇಂಜರ್ಸ್ ವಿರುದ್ಧ ಎರಡು ಗೋಲು. ಗೋಲು ಹೊಡೆದಾಗಲೆಲ್ಲ ಕಿವಿಯ ಪಕ್ಕ ಕೈ ತಿರುಗಿಸುತ್ತ ಓಡುವ ಅವರ ಸಂಭ್ರಮ ಮನೆಮಾತಾಯಿತು. ಆ ಸೀಸನ್ನಿನಲ್ಲಿ ಲೀಗ್‌ನಲ್ಲಿ 18 ಗೋಲು, ಜೊತೆಗೆ ಲೀಗ್ ಕಪ್ ಫೈನಲ್‌ನಲ್ಲೂ ಒಂದು. ಮರುವರ್ಷ ಫ್ಯಾಂಟಸಿ ತಂಡ ಕಟ್ಟುವವರು ಕಣ್ಣುಮುಚ್ಚಿ ಮೀಚುವನ್ನು ಆರಿಸಿಕೊಂಡರು. 2013-14ರ ಲೀಗ್‌ನಲ್ಲಿ ಅವರು ಗಳಿಸಿದ್ದು ಎರಡೇ ಗೋಲು.

ಏನಾಯಿತು? ‘ಅದೃಷ್ಟ ಕೈಕೊಟ್ಟಿತು’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ಆದರೆ ಅದು ಅರ್ಧ ಸತ್ಯ. ಆ ಬೇಸಿಗೆಯಲ್ಲಿ ಸ್ವಾನ್ಸಿ ವಿಲ್ಫ್ರೆಡ್ ಬೋನಿ ಎಂಬ ಸ್ಟ್ರೈಕರನ್ನು ಕೊಂಡಿತ್ತು. ಮುಂಚೂಣಿಯ ಜಾಗ ಬೋನಿಯ ಪಾಲಾಗಿ, ಮೀಚು ಗೋಲಿನಿಂದ ಒಂದಿಷ್ಟು ಹಿಂದೆ ಸರಿದರು. ಆ ವರ್ಷ ಬೋನಿ 16 ಲೀಗ್ ಗೋಲು ಹೊಡೆದರು. ಮೇಲಿಂದ ಮೀಚುವಿನ ಕಣಕಾಲಿನ ಕೀಲು ಕೆಟ್ಟಿತು. ಅಲ್ಲಿಂದಾಚೆ ಅವರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ, 31ನೇ ವಯಸ್ಸಿಗೆ ಆಟ ಬಿಟ್ಟರು. ಅಂದರೆ ಮೊದಲ ವರ್ಷದ ಅದೃಷ್ಟದ ಪಾಲು ಕರಗಿತು, ನಿಲ್ಲುವ ಜಾಗ ಬದಲಾಯಿತು, ದೇಹವೂ ಸಹಕರಿಸಲಿಲ್ಲ. ಇವುಗಳಲ್ಲಿ ಜಾಗದ ಬದಲಾವಣೆಯನ್ನು ಆಗಸ್ಟ್‌ನಲ್ಲೇ ಊಹಿಸಬಹುದಿತ್ತು, ಅದೃಷ್ಟದ ಪಾಲನ್ನು ಅಂದಾಜಿಸಬಹುದಿತ್ತು. ಕಣಕಾಲಿನ ವಿಷಯ ಯಾರಿಗೂ ಗೊತ್ತಾಗುವಂಥದ್ದಲ್ಲ.

ಅದೃಷ್ಟದ ಪಾಲು ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ನ್ಯೂಕ್ಯಾಸಲ್‌ನ ಪಪೀಸ್ ಸಿಸ್ಸೆ ಸಾಕ್ಷಿ. 2012ರ ಜನವರಿಯಲ್ಲಿ ಬಂದ ಸೆನೆಗಲ್‌ನ ಈ ಸ್ಟ್ರೈಕರ್ 14 ಲೀಗ್ ಪಂದ್ಯಗಳಲ್ಲಿ 13 ಗೋಲು ಬಾರಿಸಿದರು. ಮೇ ತಿಂಗಳಲ್ಲಿ ಚೆಲ್ಸಿ ವಿರುದ್ಧ ಅವರ ಎರಡನೇ ಗೋಲನ್ನು ಈಗಲೂ ಹುಡುಕಿ ನೋಡುವವರಿದ್ದಾರೆ. ಎಡಬದಿಯಲ್ಲಿ, ಪೆನಾಲ್ಟಿ ಪೆಟ್ಟಿಗೆಯ ಹೊರಗೆ ಪುಟಿದ ಚೆಂಡನ್ನು ಪಾದದ ಹೊರಬದಿಯಿಂದ ಒದ್ದರು. ಅದು ಗಾಳಿಯಲ್ಲಿ ಬಾಗುತ್ತ ಹೋಗಿ, ಗೋಲ್‌ಕೀಪರ್ ಪೀಟರ್ ಚೆಕ್‌ರ ತಲೆಯ ಮೇಲಿಂದ ಆಚೆ ಮೂಲೆಗೆ ಇಳಿಯಿತು. ಅದ್ಭುತವಾದ ಗೋಲು, ಅನುಮಾನವೇ ಇಲ್ಲ. ಆದರೆ ಅದೇ ಜಾಗದಿಂದ ಅದೇ ಒದೆತವನ್ನು ನೂರು ಸಲ ಒದ್ದರೆ ಎಷ್ಟು ಸಲ ಒಳಗೆ ಹೋದೀತು? ಮುಂದಿನ ಇಡೀ ಸೀಸನ್ನಿನ 36 ಲೀಗ್ ಪಂದ್ಯಗಳಲ್ಲಿ ಸಿಸ್ಸೆ ಹೊಡೆದದ್ದು 8 ಗೋಲು. ಅವರ ಕಾಲಿನ ಕಸುವು ಒಂದೇ ಬೇಸಿಗೆಯಲ್ಲಿ ಇಂಗಿಹೋಗಿರಲಿಲ್ಲ. ಮೊದಲ 14 ಪಂದ್ಯಗಳ ವೇಗವನ್ನು ಯಾರೂ ವರ್ಷಪೂರ್ತಿ ಉಳಿಸಿಕೊಳ್ಳಲಾರರು, ಅಷ್ಟೆ.

ಸಂಖ್ಯಾಶಾಸ್ತ್ರಜ್ಞರಿಗೆ ಇದು ಹಳೆಯ ಸಂಗತಿ. 1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ, ತೀರಾ ಎತ್ತರದವರ ಮಕ್ಕಳು ಸರಾಸರಿಯಾಗಿ ಹೆತ್ತವರಿಗಿಂತ ತುಸು ಗಿಡ್ಡರಿರುತ್ತಾರೆಂದು ತೋರಿಸಿಕೊಟ್ಟ. ಸರಾಸರಿಯಿಂದ ಬಹಳ ದೂರ ಹೋದ ಅಳತೆ ಮುಂದಿನ ಸಲ ಸರಾಸರಿಯ ಕಡೆಗೆ ವಾಲುತ್ತದೆ. ಪ್ರೀಮಿಯರ್ ಲೀಗ್‌ನಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಬೀಳುವ ಗೋಲು ಸರಾಸರಿ ಎರಡೂವರೆಯಿಂದ ಮೂರರ ಆಸುಪಾಸು. ಇಷ್ಟು ಅಪರೂಪದ ಘಟನೆಯಲ್ಲಿ, ಎದುರಾಳಿಯ ಕಾಲಿಗೆ ತಗುಲಿ ಒಳಹೋದ ನಾಲ್ಕು ಚೆಂಡು ಒಬ್ಬನ ವರ್ಷದ ಲೆಕ್ಕವನ್ನೇ ಬದಲಿಸಿಬಿಡುತ್ತವೆ.

‘ಹಾಗಾದರೆ ಮೊದಲ ಸಲ ಮಿಂಚಿದವನನ್ನು ನಂಬಲೇಬಾರದು’

ಇದು ಅದೇ ತಪ್ಪಿನ ಇನ್ನೊಂದು ತುದಿ. 2014ರ ನವೆಂಬರ್‌ನಲ್ಲಿ ಆಸ್ಟನ್ ವಿಲ್ಲಾ ವಿರುದ್ಧ ಬದಲಿ ಆಟಗಾರನಾಗಿ ಇಳಿದ ಟಾಟನಮ್‌ನ 21ರ ಹುಡುಗ ಕೊನೆಯ ಗಳಿಗೆಯಲ್ಲಿ ಫ್ರೀಕಿಕ್ ಒದ್ದ. ಚೆಂಡು ಎದುರಾಳಿಯೊಬ್ಬರಿಗೆ ಬಡಿದು ದಿಕ್ಕು ಬದಲಿಸಿ ಬಲೆಗೆ ಹೋಯಿತು, ಟಾಟನಮ್ 2-1ರಿಂದ ಗೆದ್ದಿತು. ಆ ಹುಡುಗ ಹ್ಯಾರಿ ಕೇನ್. ಆ ಸೀಸನ್ 21 ಲೀಗ್ ಗೋಲಿನೊಂದಿಗೆ ಮುಗಿದಾಗ ‘ಇದು ಒಂದು ಸೀಸನ್ನಿನ ಮಿಂಚು’ ಎಂದವರು ಕಡಿಮೆಯಿರಲಿಲ್ಲ. ಮುಂದಿನ ಮೂರು ವರ್ಷ ಅವರು ಗಳಿಸಿದ್ದು 25, 29, 30.

ಆ ಫ್ರೀಕಿಕ್ ಗೋಲಿನಲ್ಲಿ ಅದೃಷ್ಟವಿತ್ತು ನಿಜ. ಅದರ ಹಿಂದೆ ಇದ್ದದ್ದನ್ನೂ ನೋಡಬೇಕಿತ್ತು. ವಯಸ್ಸು ಚಿಕ್ಕದು. ಪಂದ್ಯದಿಂದ ಪಂದ್ಯಕ್ಕೆ ಗೋಲಿನತ್ತ ಒದೆಯುವುದು ನಿಲ್ಲುತ್ತಿರಲಿಲ್ಲ. ಕೋಚ್ ಮಾರಿಸಿಯೊ ಪೊಚೆಟ್ಟಿನೊ ಅಡೆಬಯೋರ್, ಸೊಲ್ಡಾಡೊರಂಥ ಹೆಸರಾಂತರನ್ನು ಪಕ್ಕಕ್ಕಿಟ್ಟು ಅವರಿಗೆ ಜಾಗ ಖಾಯಂ ಮಾಡಿದ್ದರು. ಮೀಚುವಿಗೆ ಮರುವರ್ಷ ತಪ್ಪಿಹೋದ ಜಾಗ ಕೇನ್‌ಗೆ ಉಳಿಯಿತು. ಇಬ್ಬರ ನಡುವಿನ ಈ ವ್ಯತ್ಯಾಸ ಗೋಲುಗಳ ಪಟ್ಟಿಯಲ್ಲಿ ಕಾಣುವುದಿಲ್ಲ.

‘ಗೋಲು ಬರುತ್ತಿಲ್ಲ ಎಂದರೆ ಅವನ ಕಥೆ ಮುಗಿಯಿತು’

ನನಗೆ ಹೆಚ್ಚು ನೋವು ಕೊಡುವುದು ಈ ಮಾತು. ಇದರ ಪೆಟ್ಟು ಬೀಳುವುದು ಕಷ್ಟದಲ್ಲಿರುವವರ ಮೇಲೆ.

2017-18ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಕರೀಂ ಬೆಂಜೆಮಾ ಸ್ಪೇನಿನ ಲೀಗ್‌ನಲ್ಲಿ ಗಳಿಸಿದ್ದು ಬರೇ 5 ಗೋಲು. ತವರಿನ ಬೆರ್ನಬೆವು ಮೈದಾನದಲ್ಲೇ ಪ್ರೇಕ್ಷಕರು ಸಿಳ್ಳೆ ಹಾಕಿ ಹಂಗಿಸಿದರು. ವಯಸ್ಸು 30 ದಾಟಿತ್ತು, ಮಾರಿಬಿಡಿ ಎಂಬ ಕೂಗೂ ಇತ್ತು. ಆದರೆ ಅವರು ತಲುಪುತ್ತಿದ್ದ ಜಾಗಗಳನ್ನು, ಒದೆಯುತ್ತಿದ್ದ ದೂರವನ್ನು ಗಮನಿಸಿದವರಿಗೆ ಕಂಡದ್ದು ಬೇರೆಯೇ. ಅವರಿಗೆ ಸಿಕ್ಕಿದ್ದ ಅವಕಾಶಗಳ ಬೆಲೆ ಐದು ಗೋಲಿಗಿಂತ ಎಷ್ಟೋ ಹೆಚ್ಚಿತ್ತು.

ಈ ಬೆಲೆ ಕಟ್ಟುವ ಲೆಕ್ಕಕ್ಕೆ ‘ಎಕ್ಸ್‌ಜಿ’ ಎನ್ನುತ್ತಾರೆ, ಅಂದರೆ ನಿರೀಕ್ಷಿತ ಗೋಲು. ಈ ಹಿಂದೆ ಇಂಥದೇ ದೂರದಿಂದ, ಇಂಥದೇ ಕೋನದಿಂದ ಒದ್ದ ಸಾವಿರಾರು ಚೆಂಡುಗಳಲ್ಲಿ ಎಷ್ಟು ಒಳಹೋದವು ಎಂಬುದರ ಮೇಲೆ ಪ್ರತಿ ಒದೆತಕ್ಕೂ ಸೊನ್ನೆಯಿಂದ ಒಂದರವರೆಗೆ ಅಂಕ ಸಿಗುತ್ತದೆ. ಪೆನಾಲ್ಟಿಗೆ ಸುಮಾರು ಮುಕ್ಕಾಲು, ದೂರದಿಂದ ಸಿಡಿಸಿದ್ದಕ್ಕೆ ಕೆಲವೇ ನೂರನೇ ಭಾಗ. ಒಬ್ಬ ಸ್ಟ್ರೈಕರ್‌ಗೆ ವರ್ಷದಲ್ಲಿ ಹತ್ತು ಗೋಲಿನ ಬೆಲೆಯ ಅವಕಾಶ ಸಿಕ್ಕಿ, ಬಲೆಗೆ ಹೋದದ್ದು ಐದಾದರೆ, ಮುಂದಿನ ವರ್ಷ ಆತ ಸುಧಾರಿಸುವ ಸಾಧ್ಯತೆಯೇ ಹೆಚ್ಚು. ಅವಕಾಶವೇ ಸಿಗದೆ ಐದು ಹೊಡೆದವನ ಸಮಸ್ಯೆ ಬೇರೆ, ಅದು ನಿಜಕ್ಕೂ ಗಂಭೀರ.

2018ರ ಜುಲೈನಲ್ಲಿ ಕ್ರಿಸ್ಟಿಯಾನೊ ರೊನಾಲ್ಡೊ ಯುವೆಂಟಸ್‌ಗೆ ಹೋದರು. ಅಲ್ಲಿಯವರೆಗೆ ರೊನಾಲ್ಡೊಗೆ ದಾರಿ ಮಾಡಿಕೊಡಲು ಬದಿಗೆ ಸರಿಯುತ್ತಿದ್ದ ಬೆಂಜೆಮಾ ಈಗ ಪೆಟ್ಟಿಗೆಯ ನಡುಮಧ್ಯಕ್ಕೆ ಬಂದರು. ಮುಂದಿನ ಸೀಸನ್ನಿನಲ್ಲಿ 21 ಲೀಗ್ ಗೋಲು. ರೊನಾಲ್ಡೊ ಬಿಟ್ಟುಹೋದ ಪೆನಾಲ್ಟಿಗಳಿಂದ ಬಂದ ಏರಿಕೆ ಇದು ಎನ್ನುವಂತಿಲ್ಲ, ಆಗ ಮ್ಯಾಡ್ರಿಡ್‌ನ ಪೆನಾಲ್ಟಿಗಳನ್ನು ಒದೆಯುತ್ತಿದ್ದವರು ಮುಖ್ಯವಾಗಿ ಸೆರ್ಹಿಯೊ ರಾಮೋಸ್. 2022ರಲ್ಲಿ, 34ನೇ ವಯಸ್ಸಿನಲ್ಲಿ, ಬೆಂಜೆಮಾ ಬ್ಯಾಲನ್ ಡಿ’ಓರ್ ಗೆದ್ದರು.

‘ಎಳೆಯರು ಏರುತ್ತಾರೆ, ಮೂವತ್ತು ದಾಟಿದವರು ಇಳಿಯುತ್ತಾರೆ’

ಸರಾಸರಿಯ ಮಟ್ಟಿಗೆ ಇದು ಸುಳ್ಳಲ್ಲ. ಮುಂಚೂಣಿ ಆಟಗಾರರು ಇಪ್ಪತ್ತರ ನಡುವಿನಿಂದ ಕೊನೆಯವರೆಗಿನ ವರ್ಷಗಳಲ್ಲಿ ಉತ್ತುಂಗದಲ್ಲಿರುತ್ತಾರೆ, ರಕ್ಷಣಾ ಆಟಗಾರರು ತುಸು ತಡವಾಗಿ, ಗೋಲ್‌ಕೀಪರ್‌ಗಳು ಇನ್ನೂ ತಡವಾಗಿ. ಮೊದಲು ಕುಂದುವುದು ಓಟದ ವೇಗ. ಆದರೆ ಸರಾಸರಿ ಒಬ್ಬೊಬ್ಬರ ಜಾತಕ ಹೇಳುವುದಿಲ್ಲ. 14ನೇ ವಯಸ್ಸಿನಲ್ಲಿ ಅಮೆರಿಕದ ಡಿ.ಸಿ. ಯುನೈಟೆಡ್‌ಗೆ ಆಡಿದ ಫ್ರೆಡ್ಡಿ ಅಡು ಮುಂದಿನ ಪೆಲೆ ಎಂದು ಜಗತ್ತೇ ಹೇಳಿತ್ತು, ಹಾಗಾಗಲಿಲ್ಲ. ಇತ್ತ ಜೇಮಿ ವಾರ್ಡಿ 2014-15ರಲ್ಲಿ ಲೆಸ್ಟರ್‌ಗೆ 5 ಗೋಲು ಹೊಡೆದವರು, ಮರುವರ್ಷ 24 ಹೊಡೆದು ತಂಡವನ್ನು ಚಾಂಪಿಯನ್ ಮಾಡಿದಾಗ ಅವರಿಗೆ 29.

ನಮ್ಮ ಕಂಠೀರವ ಮೈದಾನದಲ್ಲೇ ಇದಕ್ಕೊಂದು ನಿದರ್ಶನವಿದೆ. 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್‌ಗೆ ವಿದಾಯ ಹೇಳಿದ ಸುನಿಲ್ ಛೆಟ್ರಿ, ಮುಂದಿನ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಸೀಸನ್ನಿನಲ್ಲಿ ಬೆಂಗಳೂರು ಎಫ್‌ಸಿಗೆ 14 ಗೋಲು ಹೊಡೆದರು. ಡಿಸೆಂಬರ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ಹ್ಯಾಟ್ರಿಕ್ ಬಾರಿಸಿದಾಗ ಅವರ ವಯಸ್ಸು 40. ವೇಗ ಇಳಿದಿತ್ತು, ಚೆಂಡು ಎಲ್ಲಿ ಬೀಳುತ್ತದೆ ಎಂಬ ಅರಿವು ಇಳಿದಿರಲಿಲ್ಲ.

‘ದೊಡ್ಡ ಕ್ಲಬ್ ಸೇರಿದರೆ ಆಟ ತಾನಾಗಿ ಬೆಳೆಯುತ್ತದೆ’

2011ರ ಜನವರಿಯಲ್ಲಿ 5 ಕೋಟಿ ಪೌಂಡಿಗೆ ಚೆಲ್ಸಿ ಸೇರಿದ ಫರ್ನಾಂಡೊ ಟೊರೆಸ್ ಆ ಸೀಸನ್ನಿನ ಉಳಿದ ಲೀಗ್ ಪಂದ್ಯಗಳಲ್ಲಿ ಒಂದೇ ಗೋಲು ಗಳಿಸಿದರು. ಅದೇ ಚೆಲ್ಸಿಯಲ್ಲಿ ಮೊಹಮ್ಮದ್ ಸಲಾಗೆ ದಕ್ಕಿದ್ದು 13 ಲೀಗ್ ಪಂದ್ಯ, 2 ಗೋಲು. ಇಟಲಿಗೆ ಹೋಗಿ ಫಿಯೊರೆಂಟಿನಾ, ರೋಮಾಗಳಲ್ಲಿ ಬಿಡುವಿಲ್ಲದೆ ಆಡಿದ ಮೇಲೆ 2017ರಲ್ಲಿ ಲಿವರ್‌ಪೂಲ್‌ಗೆ ಬಂದು ಒಂದೇ ಸೀಸನ್ನಿನಲ್ಲಿ 32 ಲೀಗ್ ಗೋಲು ಹೊಡೆದರು. ಕೋಲ್ ಪಾಮರ್ ಮ್ಯಾಂಚೆಸ್ಟರ್ ಸಿಟಿಯ ಬೆಂಚಿನಿಂದ ಎದ್ದು ಚೆಲ್ಸಿಗೆ ಹೋದ ಮೊದಲ ವರ್ಷವೇ, 2023-24ರಲ್ಲಿ, 22 ಲೀಗ್ ಗೋಲು ಗಳಿಸಿದರು. ಅವುಗಳಲ್ಲಿ 9 ಪೆನಾಲ್ಟಿ. ಹಾಗೆಂದು ಅದು ಸಣ್ಣ ಸಾಧನೆಯಲ್ಲ, ಆದರೆ ಮುಂದಿನ ವರ್ಷವನ್ನು ಊಹಿಸುವವರು ಪೆನಾಲ್ಟಿಗಳನ್ನು ಬೇರೆ ಇಟ್ಟು ಲೆಕ್ಕ ಹಾಕಬೇಕು. ಪ್ರತಿ ವರ್ಷ ತಂಡಕ್ಕೆ ಅಷ್ಟು ಪೆನಾಲ್ಟಿ ಸಿಗುತ್ತದೆಂಬ ಖಾತರಿಯಿಲ್ಲ. ಮರುವರ್ಷ ಪಾಮರ್ ಗಳಿಸಿದ್ದು 15.

ಕ್ಲಬ್ಬಿನ ಹೆಸರಿಗಿಂತ ಕೇಳಬೇಕಾದ ಪ್ರಶ್ನೆಗಳಿವು. ಅಲ್ಲಿ ಆ ಜಾಗಕ್ಕೆ ಈಗಾಗಲೇ ಯಾರಿದ್ದಾರೆ? ಪೆನಾಲ್ಟಿ ಯಾರದು? ಕೋಚ್ ಇವನನ್ನು ಗೋಲಿಗೆ ಹತ್ತಿರ ನಿಲ್ಲಿಸುತ್ತಾರೋ, ದೂರವೋ? ಡಾರ್ಟ್‌ಮಂಡ್‌ನಲ್ಲಿ ನಡುಮೈದಾನದಲ್ಲಿದ್ದ ಜೂಡ್ ಬೆಲ್ಲಿಂಗಮ್‌ರನ್ನು ಕಾರ್ಲೊ ಆನ್ಚೆಲೊಟ್ಟಿ ಮ್ಯಾಡ್ರಿಡ್‌ನಲ್ಲಿ ಮುಂದಕ್ಕೆ ತಂದರು, 8 ಇದ್ದ ಲೀಗ್ ಗೋಲು 19ಕ್ಕೆ ಏರಿತು. ಮರುವರ್ಷ ಫಾರ್ವರ್ಡ್ ಎಂಬಾಪೆ ತಂಡಕ್ಕೆ ಬಂದರು, ಅದು 9ಕ್ಕೆ ಇಳಿಯಿತು.

‘ಅಭ್ಯಾಸ ಪಂದ್ಯದಲ್ಲೇ ಗೊತ್ತಾಗುತ್ತದೆ’

ಗೊತ್ತಾಗುವುದಿಲ್ಲ. ಅರ್ಧ ತಂಡ ಆಗತಾನೇ ರಜೆಯಿಂದ ಬಂದಿರುತ್ತದೆ, ವಿರಾಮದ ಹೊತ್ತಿಗೆ ಹನ್ನೊಂದಕ್ಕೆ ಹನ್ನೊಂದೂ ಬದಲಾಗುವುದುಂಟು. ಜುಲೈನ ಗೋಲುಗಳನ್ನು ಎಣಿಸಬೇಡಿ. ಯಾರನ್ನು ಯಾವ ಜಾಗದಲ್ಲಿ ಆಡಿಸಿದರು, ಕಾರ್ನರ್ ಒದ್ದವರು ಯಾರು ಎಂಬುದನ್ನಷ್ಟೇ ಗುರುತಿಟ್ಟುಕೊಳ್ಳಿ.

‘ಎಕ್ಸ್‌ಜಿ ಗೊತ್ತಿದ್ದರೆ ಎಲ್ಲವೂ ಗೊತ್ತು’

ಹೊಸ ಕಾಲದ ಮೂಢನಂಬಿಕೆ ಇದು. ಕೆಲವರು ನಿಜಕ್ಕೂ ಲೆಕ್ಕವನ್ನು ಮೀರಿದವರು. ದಕ್ಷಿಣ ಕೊರಿಯಾದ ಸನ್ ಹ್ಯೂಂಗ್-ಮಿನ್ ಎರಡೂ ಕಾಲಲ್ಲಿ ಒಂದೇ ನಿಖರತೆಯಿಂದ ಒದೆಯುತ್ತ, ವರ್ಷದ ಮೇಲೆ ವರ್ಷ ನಿರೀಕ್ಷೆಗಿಂತ ಹೆಚ್ಚು ಗೋಲು ಗಳಿಸಿದರು. 2021-22ರಲ್ಲಿ ಒಂದೂ ಪೆನಾಲ್ಟಿಯಿಲ್ಲದೆ 23 ಗೋಲು ಹೊಡೆದು ಗೋಲ್ಡನ್ ಬೂಟ್ ಹಂಚಿಕೊಂಡರು. ಆದರೆ ಇಂಥವರನ್ನು ಗುರುತಿಸಲು ಒಂದು ವರ್ಷದ ಅಂಕಿಅಂಶ ಸಾಲದು, ನಾಲ್ಕೈದು ವರ್ಷದ ಆಟ ಬೇಕು. ಇನ್ನು ಗಾಯ, ಕೋಚ್ ಬದಲಾವಣೆ, ಮನೆಯ ಚಿಂತೆ ಇವು ಯಾವ ಲೆಕ್ಕಕ್ಕೂ ಮೊದಲೇ ಸಿಕ್ಕುವುದಿಲ್ಲ.

ಭಾರತದ ಫುಟ್‌ಬಾಲ್ ನೋಡುವವರಿಗೆ ಇದರಲ್ಲಿ ಇನ್ನೊಂದು ಮಾತಿದೆ. 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡ ನಿವೃತ್ತ ಛೆಟ್ರಿಯನ್ನೇ ಮರಳಿ ಕರೆಯಬೇಕಾಯಿತು, ಏಕೆಂದರೆ ಅವರ ಜಾಗ ತುಂಬುವ ಸ್ಟ್ರೈಕರ್ ಕಾಣಲಿಲ್ಲ. ಐಎಸ್‌ಎಲ್‌ನ ಬಹುತೇಕ ಕ್ಲಬ್ಬುಗಳು ಮುಂಚೂಣಿಯ ನಡುವಿನ ಜಾಗವನ್ನು ವಿದೇಶಿ ಆಟಗಾರರಿಗೆ ಕೊಡುತ್ತ ಬಂದಿವೆ. ನಮ್ಮ ಹುಡುಗರು ಬದಿಯಲ್ಲಿ ಓಡುತ್ತಾರೆ, ಇಲ್ಲವೇ 80ನೇ ನಿಮಿಷಕ್ಕೆ ಇಳಿಯುತ್ತಾರೆ. ಅಷ್ಟು ಕಡಿಮೆ ಆಟದಲ್ಲಿ ಅವರು ಬೆಳೆಯುತ್ತಾರೋ ಇಲ್ಲವೋ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಆದ್ದರಿಂದ ಕಂಠೀರವದಲ್ಲಿ ಕೂತು ಆಟ ನೋಡುವವರಲ್ಲಿ ನನ್ನದೊಂದು ವಿನಂತಿ. ಎಳೆಯ ಫಾರ್ವರ್ಡ್ ಒಬ್ಬ ಒಳ್ಳೆಯ ಅವಕಾಶ ಕೈಚೆಲ್ಲಿದಾಗ ಕೂಗುವ ಮೊದಲು, ಆ ಪಂದ್ಯದಲ್ಲಿ ಅವನು ಎಷ್ಟು ಸಲ ಗೋಲಿನ ಮುಂದೆ ಸರಿಯಾದ ಜಾಗಕ್ಕೆ ಬಂದು ನಿಂತ ಎಂದು ಎಣಿಸಿ. ಮತ್ತೆ ಮತ್ತೆ ಬರುತ್ತಿದ್ದರೆ, ಮುಂದಿನ ಪಂದ್ಯದಲ್ಲೂ ಅವನನ್ನೇ ಆಡಿಸಿ ಎಂದು ಕೂಗಿ.