ಬೆಂಗಳೂರು ಬೆಳೆಸಿದ್ದು, ಕೋಲ್ಕತ್ತ ಮೆರೆಸಿದ್ದು

ಒಂದೇ ವರ್ಷ ಹುಟ್ಟಿದ ಇಬ್ಬರು ಮಿಡ್‌ಫೀಲ್ಡರ್‌ಗಳು. 1971ರ ಏಪ್ರಿಲ್ 13ರಂದು ಬೆಂಗಳೂರಿನಲ್ಲಿ ಕಾರ್ಲ್ಟನ್ ಚಾಪ್ಮನ್, ಆಗಸ್ಟ್ 10ರಂದು ಐರ್ಲೆಂಡಿನ ಕಾರ್ಕ್ ನಗರದಲ್ಲಿ ರಾಯ್ ಕೀನ್. ಫುಟ್‌ಬಾಲಿಗಾಗಿ ಇಬ್ಬರೂ ನಾಡು ಬಿಟ್ಟಿದ್ದು 1990ರಲ್ಲಿ. ದೊಡ್ಡ ಕ್ಲಬ್ಬಿನ ಅಂಗಿ ತೊಟ್ಟಿದ್ದು 1993ರಲ್ಲಿ. ಕೀನ್‌ಗೆ ಸಿಕ್ಕಿದ್ದು ಮ್ಯಾಂಚೆಸ್ಟರ್ ಯುನೈಟೆಡ್, ಚಾಪ್ಮನ್‌ಗೆ ಈಸ್ಟ್ ಬೆಂಗಾಲ್. ಕೀನ್ ಯಾರೆಂದು ನಮ್ಮ ಹುಡುಗರಿಗೆ ಗೊತ್ತು. ಚಾಪ್ಮನ್ ಯಾರೆಂದು ಬೆಂಗಳೂರಿನಲ್ಲೇ ವಿವರಿಸಿ ಹೇಳಬೇಕಾದ ಸ್ಥಿತಿ.

ಬೆಂಗಳೂರಿನ ಫುಟ್‌ಬಾಲ್ ಎಂದರೆ ದಂಡು ಪ್ರದೇಶದ ಫುಟ್‌ಬಾಲ್. ಬ್ರಿಟಿಷ್ ಸೈನಿಕರ ಆಟವನ್ನು ನೋಡಿ ಕಲಿತ ಹಲಸೂರು, ಆಸ್ಟಿನ್ ಟೌನ್ ಕಡೆಯ ಕೇರಿಗಳು ಸೈನಿಕರು ಹೋದ ಮೇಲೂ ಚೆಂಡನ್ನು ಕೈಬಿಡಲಿಲ್ಲ. ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯೂ ನಿಂತಿದೆ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಅಲ್ಲಿಯ ತನಕ ಪಟಾಲಮ್ಮುಗಳ ಸೊತ್ತಾಗಿದ್ದ ಆ ಕಪ್ಪನ್ನು ಮರುವರ್ಷವೂ ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಿತು. ಭಾರತದ ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ದೇಶದ ಮೊಟ್ಟಮೊದಲ ಗೋಲು, ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು.

ಆದರೆ ಇಲ್ಲಿ ಚೆನ್ನಾಗಿ ಆಡಿದವರೆಲ್ಲ ಕೊನೆಗೆ ಕೋಲ್ಕತ್ತದ ದಾರಿ ಹಿಡಿದರು. ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ಅಭಿಮಾನಿಗಳು ‘ಪಂಚ ಪಾಂಡವರು’ ಎಂದು ಕರೆದ ಐವರು ಮುನ್ನಡೆ ಆಟಗಾರರಲ್ಲಿ ಒಬ್ಬರಾದರು. ಅರುಮೈನಾಯಗಂ, ಆಮೇಲೆ ಉಲಗನಾಥನ್ ಮೋಹನ್ ಬಾಗಾನ್ ಸೇರಿದರು. ಬೆಂಗಳೂರಿನಲ್ಲಿ ಉಳಿದವರಿಗೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ತಂಡಗಳಿದ್ದವು. ಸಂಬಳ ಬರುತ್ತಿತ್ತು, ನೌಕರಿ ಖಾಯಂ. ಮನೆಯವರ ದೃಷ್ಟಿಯಲ್ಲಿ ಅದಕ್ಕಿಂತ ಒಳ್ಳೆಯದು ಇನ್ನೇನಿದೆ? ಆದರೆ ಅಲ್ಲಿ ಆಟ ನೌಕರಿಯ ಜೊತೆಗಿನದು, ಆಟವೇ ನೌಕರಿಯಲ್ಲ.

ಚಾಪ್ಮನ್ 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಪಳಗಿದರು, ಬಳಿಕ ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿದರು. ಅವರಿಗೆ ತಿರುವು ಸಿಕ್ಕಿದ್ದು ಜಮ್ಶೆಡ್‌ಪುರದಲ್ಲಿ. ಟಾಟಾ ಸ್ಟೀಲ್ 1987ರಲ್ಲಿ ಅಲ್ಲೊಂದು ಫುಟ್‌ಬಾಲ್ ಅಕಾಡೆಮಿ ತೆರೆದಿತ್ತು. ದೇಶದ ಮೂಲೆಮೂಲೆಯಿಂದ ಆರಿಸಿ ತಂದ ಹುಡುಗರಿಗೆ ಅಲ್ಲೇ ಊಟ, ವಸತಿ, ದಿನವೂ ಕೋಚಿಂಗ್. ಇವತ್ತು ಇದು ಸಾಮಾನ್ಯ ಸಂಗತಿ, ಆಗ ಭಾರತದಲ್ಲಿ ಹೊಸತು. 1990ರಲ್ಲಿ ಚಾಪ್ಮನ್ ಅಲ್ಲಿ ಸೇರಿದರು. ಅದೇ ಬೇಸಿಗೆಯಲ್ಲಿ ಕೋಬ್ ರ‍್ಯಾಂಬ್ಲರ್ಸ್ ಎಂಬ ಸಣ್ಣ ಕ್ಲಬ್ಬಿನಿಂದ ಕೀನ್ 47,000 ಪೌಂಡಿಗೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿ, ಆಗಸ್ಟ್ ಕೊನೆಗೆ ಲಿವರ್‌ಪೂಲ್ ವಿರುದ್ಧ ಲೀಗ್ ಪಂದ್ಯಕ್ಕೇ ಇಳಿದುಬಿಟ್ಟರು. ನಮ್ಮವರಿಗೆ ಅಂಥ ಅಂಗಳ ಸಿಗಲು ಇನ್ನೂ ಮೂರು ವರ್ಷ ಬೇಕಾಯಿತು. ಐರ್ಲೆಂಡಿನ ಹುಡುಗ ಸಮುದ್ರ ದಾಟಿದರೆ ಅಲ್ಲೊಂದು ವೃತ್ತಿಪರ ಲೀಗ್ ಕಾಯುತ್ತಿತ್ತು. ಭಾರತದ ಹುಡುಗ ಎಷ್ಟು ದೂರ ರೈಲಿನಲ್ಲಿ ಹೋದರೂ ರಾಷ್ಟ್ರೀಯ ಲೀಗ್ ಎಂಬುದೇ ಇರಲಿಲ್ಲ.

1993ರಲ್ಲಿ ಈಸ್ಟ್ ಬೆಂಗಾಲ್ ಕರೆಯಿತು. ಆ ವರ್ಷದ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಎದುರಾಳಿ ಇರಾಕಿನ ಅಲ್ ಜವ್ರಾ. ಇರಾಕಿನ ಫುಟ್‌ಬಾಲ್ ಏಷ್ಯಾದ ಮುಂಚೂಣಿಯದು, 1986ರ ವಿಶ್ವಕಪ್ ಆಡಿದ ದೇಶ. ಕೋಲ್ಕತ್ತದಲ್ಲಿ ಈಸ್ಟ್ ಬೆಂಗಾಲ್ ಆ ತಂಡವನ್ನು 6-2ರಿಂದ ಸದೆಬಡಿಯಿತು. ಅದರಲ್ಲಿ ಮೂರು ಗೋಲು ಇಪ್ಪತ್ತೆರಡರ ಚಾಪ್ಮನ್ ಅವರದು. ಗೋಲು ಹೊಡೆಯುವುದು ಮಿಡ್‌ಫೀಲ್ಡರ್‌ನ ಮೊದಲ ಕೆಲಸವಲ್ಲ. ಚೆಂಡು ಕಸಿದು, ಹಂಚಿ, ಮುಂದಿನವರಿಗೆ ದಾರಿ ಮಾಡಿಕೊಡುವವನು ಹ್ಯಾಟ್ರಿಕ್ ಬಾರಿಸಿದರೆ ಮಾತೇ ಬೇರೆ. ಭಾರತದ ಕ್ಲಬ್ಬೊಂದು ಏಷ್ಯಾ ಮಟ್ಟದಲ್ಲಿ ಆಡಿದ ಅತ್ಯುತ್ತಮ ಪಂದ್ಯಗಳ ಪಟ್ಟಿಯಲ್ಲಿ ಇದನ್ನು ನಾನು ಮೇಲೆಯೇ ಇಡುತ್ತೇನೆ.

ಎರಡು ವರ್ಷದ ನಂತರ ಪಂಜಾಬಿನ ಫಗ್ವಾಡಾ. ಜೆಸಿಟಿ ಎಂಬುದು ಬಟ್ಟೆ ಗಿರಣಿಯೊಂದರ ತಂಡ. ಅಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಮುಂದೆ, ಅವರಿಗೆ ಚೆಂಡು ಒದಗಿಸುವ ಚಾಪ್ಮನ್ ಹಿಂದೆ. 1995 ಮತ್ತು 1996ರ ಫೆಡರೇಷನ್ ಕಪ್ ಜೆಸಿಟಿ ಪಾಲಾಯಿತು. ದೇಶದ ಮೊದಲ ರಾಷ್ಟ್ರೀಯ ಲೀಗ್ ಶುರುವಾಗಿದ್ದು 1996-97ರಲ್ಲಿ, ಅದನ್ನೂ ಜೆಸಿಟಿಯೇ ಗೆದ್ದಿತು. ಅಂದರೆ ಚಾಪ್ಮನ್ ತಲೆಮಾರು ಮೊದಲು ವೃತ್ತಿಗೆ ಇಳಿಯಿತು, ಲೀಗ್ ಹಿಂದಿನಿಂದ ಓಡಿಬಂತು. 1997ರಲ್ಲಿ ಹುಟ್ಟಿದ ಎಫ್‌ಸಿ ಕೊಚ್ಚಿಯೂ ಅವರನ್ನು ಕರೆಸಿಕೊಂಡಿತು. ಹಣದ ಮುಗ್ಗಟ್ಟಿನಿಂದ ಆ ಕ್ಲಬ್ಬು ಕೆಲವೇ ವರ್ಷದಲ್ಲಿ ಬಾಗಿಲು ಹಾಕಿತು. ಚಾಪ್ಮನ್ ಒಂದೇ ಋತು ಆಡಿ 1998ರಲ್ಲಿ ಈಸ್ಟ್ ಬೆಂಗಾಲಿಗೆ ಮರಳಿದ್ದರು. 2001ರಲ್ಲಿ ಅವರ ನಾಯಕತ್ವದಲ್ಲೇ ಆ ಕ್ಲಬ್ ಮೊದಲ ಬಾರಿ ರಾಷ್ಟ್ರೀಯ ಲೀಗ್ ಗೆದ್ದಿತು. ಭಾರತ ತಂಡವನ್ನೂ ಮುನ್ನಡೆಸಿದ್ದ ಅವರು ಅದೇ ವರ್ಷ ನಿವೃತ್ತರಾಗಿ, ಕಲಿತ ಟಾಟಾ ಅಕಾಡೆಮಿಗೇ ಕೋಚ್ ಆಗಿ ಹೋದರು.

ಜಮ್ಶೆಡ್‌ಪುರ, ಕೋಲ್ಕತ್ತ, ಫಗ್ವಾಡಾ, ಕೊಚ್ಚಿ. ಈ ಪಟ್ಟಿಯಲ್ಲಿ ಬೆಂಗಳೂರು ಇಲ್ಲ. ಅದಕ್ಕೆ ಚಾಪ್ಮನ್ ಹೊಣೆಯಲ್ಲ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದು ಈ ನಗರಕ್ಕೆ ಫುಟ್‌ಬಾಲ್ ಹುಚ್ಚು ಎಷ್ಟಿದೆಯೆಂದು ತೋರಿಸಿತು. 1968-69ರ ನಂತರ ಕರ್ನಾಟಕ ಮತ್ತೆ ಸಂತೋಷ್ ಟ್ರೋಫಿ ಗೆದ್ದಿದ್ದು 2023ರ ಮಾರ್ಚಿನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಅದನ್ನು ನೋಡಲು ಚಾಪ್ಮನ್ ಇರಲಿಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ. ನಮ್ಮ ಕ್ರೀಡಾ ಇಲಾಖೆಯವರು ಮುಂದೆ ಯಾವುದಾದರೂ ಮೈದಾನಕ್ಕೆ ಹೆಸರು ಹುಡುಕುವಾಗ ಇವರನ್ನು ನೆನೆಯಲಿ.