ಮಗುವಿಗೆ ಸಾವಯವ ಡಬ್ಬಿಯೇ ಬೇಕೆ?

ಪ್ರಶ್ನೆ: ನಾವು ಬೈಲಕುಪ್ಪೆಯವರು. 7 ತಿಂಗಳ ಮಗುವಿಗೆ ದುಬಾರಿ ಸಾವಯವ ಆಹಾರವೇ ಕೊಡಬೇಕೆ?

ಉತ್ತರ: ಖಂಡಿತ ಬೇಕಿಲ್ಲ. ಮನೆಯಲ್ಲೇ ರಾಗಿ ಸರಿ (ಗಂಜಿ) ಮಾಡಿಕೊಡಬಹುದು. ಪಿರಿಯಾಪಟ್ಟಣ, ಹುಣಸೂರಿನ ಕಡೆ ಮಳೆಯಾಶ್ರಯದಲ್ಲಿ ಬೆಳೆಯುವ ರಾಗಿಗೆ ಹೊಗೆಸೊಪ್ಪಿನಷ್ಟು ಔಷಧಿ ಹೊಡೆಯುವುದಿಲ್ಲ. ಗೊತ್ತಿರುವ ರೈತರಲ್ಲಿ ಕೇಳಿ ಕೊಂಡರಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದಲ್ಲ ಎಂಬ ಆಕ್ಷೇಪ ನಿಜವೇ. ಆದರೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದರೆ ಫೈಟೇಟ್ ತಗ್ಗುತ್ತದೆ. ಹೀಗೆ ಮೊಳಕೆ ಬರಿಸಿದ ರಾಗಿಯ ಸರಿ ಗಂಟಾಗದೆ ತೆಳುವಾಗಿ ಬೇಯುವುದರಿಂದ ಹಿಟ್ಟನ್ನೂ ತುಸು ಹೆಚ್ಚು ಹಾಕಬಹುದು. ಹಾಗೆಂದು ರಾಗಿ ಸರಿಯೊಂದೇ ಸಾಲದು. ಎದೆಹಾಲಿನ ಜೊತೆ ನುಣ್ಣಗೆ ಮಸೆದ ಹೆಸರುಬೇಳೆ, ಸೊಪ್ಪು, ಮೊಟ್ಟೆ, ತುಪ್ಪ ಸೇರಲಿ. ವರ್ಷ ತುಂಬುವವರೆಗೆ ಜೇನುತುಪ್ಪ ಮಾತ್ರ ಬೇಡ, ಅದು ಎಷ್ಟೇ ಸಾವಯವವಾಗಿರಲಿ.